ಉಬ್ಬರದಲ್ಲಿ ದೋಣಿ, ಇಳಿತದಲ್ಲಿ ಬಸ್ಸು: ಪಕ್ಷಿ ಛಾಯಾಗ್ರಹಣ ಪ್ರವಾಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಪ್ರವಾಸ ಸಂಸ್ಥೆ, ಬಳ್ಳಾರಿ ಕಚೇರಿ

ವಿಷಯ: ಅಘನಾಶಿನಿ ಅಳಿವೆಯ ಪಕ್ಷಿ ಛಾಯಾಗ್ರಹಣ ಪ್ರವಾಸದಲ್ಲಾದ ಲೋಪ ಹಾಗೂ ಹಣ ಮರುಪಾವತಿ ಕುರಿತು.

ಮಾನ್ಯರೇ,

ಕಳೆದ ತಿಂಗಳು ನಾನು ಮತ್ತು ನನ್ನ ಮಗಳು ತಲಾ 7,800 ರೂಪಾಯಿ ಕಟ್ಟಿ ನಿಮ್ಮ ಬಸ್ಸಿನಲ್ಲಿ ಬಳ್ಳಾರಿಯಿಂದ ಕುಮಟಾಕ್ಕೆ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ ನೋಡಲು, ಹೋಗಿಬಂದೆವು. ಊಟ, ಕೊಠಡಿಗಳ ಬಗ್ಗೆ ತಕರಾರಿಲ್ಲ. ಹಾಸಿಗೆ ತುಸು ತೇವವಾಗಿತ್ತು, ಕರಾವಳಿಯಲ್ಲವೇ, ಬಿಡಿ. ಯಾವುದಕ್ಕೆಂದು ಹಣ ಕಟ್ಟಿದೆವೋ ಅದರದ್ದೇ ತಕರಾರು.

ಹಕ್ಕಿ ನೋಡುವುದು ನಮಗೆ ಹೊಸದಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ, ಕೆರೆಯೊಳಗಿನ ಜಾಲಿ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಏರಿಯ ಮೇಲೆ ಕುಳಿತು ಎಷ್ಟೋ ಸಲ ನೋಡಿದ್ದೇವೆ. 2024ರಲ್ಲಿ ಆ ಕೆರೆಯ ಜೊತೆಗೇ ಅಘನಾಶಿನಿ ಅಳಿವೆಯೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗಿನಿಂದ ಅದನ್ನೂ ನೋಡುವ ಆಸೆಯಿತ್ತು. ಸಮುದ್ರದ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಕೆಸರು, ಅದರೊಳಗೆ ಬಾಗಿದ ಉದ್ದ ಕೊಕ್ಕನ್ನು ಬುಡದವರೆಗೂ ಇಳಿಸಿ ಹುಳು, ಏಡಿ ಹೆಕ್ಕುವ ಕರ್ಲ್ಯೂ ಹಕ್ಕಿ: ನಿಮ್ಮ ಕರಪತ್ರದಲ್ಲಿದ್ದ ಚಿತ್ರವೂ ಇದೇ.

ನೀವು ನಮ್ಮನ್ನು ದೋಣಿ ಹತ್ತಿಸಿದ್ದು ಬೆಳಿಗ್ಗೆ 11ಕ್ಕೆ, ತುಂಬು ಉಬ್ಬರದಲ್ಲಿ. ಅದೂ ಹುಣ್ಣಿಮೆಯ ಮರುದಿನ, ನೀರು ಇನ್ನಷ್ಟು ಮೇಲೇರುವ ಕಾಲ. ಅಂಗೈಯಗಲ ಕೆಸರೂ ಕಾಣಲಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳೆಲ್ಲ ಮುಳುಗಿದ್ದವು. “ನಾಲ್ಕರ ಮೇಲೆ ಬನ್ನಿ ಎಂದು ನಿಮ್ಮ ಕಚೇರಿಗೆ ಹೇಳಿದ್ದೆ” ಎಂದು ದೋಣಿಯವರೇ ಬೇಸರಪಟ್ಟರು. ಉಬ್ಬರವಿಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಅದರ ಪಟ್ಟಿ ಮೊದಲೇ ಸಿಗುತ್ತದೆ. ನಿಮ್ಮ ವೇಳಾಪಟ್ಟಿ ನೋಡಿದ್ದು ಇಡ್ಲಿ ಬೇಯುವ ಹೊತ್ತನ್ನು ಮಾತ್ರ.

ಹೊತ್ತು ತಪ್ಪಿದ್ದನ್ನು ಸಹಿಸಬಹುದಿತ್ತು, ಮುಂದಿನದನ್ನಲ್ಲ. ಮೇಯುವ ಜಾಗ ಮುಳುಗಿದ್ದರಿಂದ ಹಕ್ಕಿಗಳು ಉಳಿದಿದ್ದ ಒಂದೇ ಮರಳುದಿಬ್ಬದ ಮೇಲೆ ಒತ್ತೊತ್ತಾಗಿ, ಒಂಟಿ ಕಾಲಿನಲ್ಲಿ, ಕೊಕ್ಕನ್ನು ಬೆನ್ನಿನ ಪುಕ್ಕದೊಳಗೆ ತೂರಿಸಿ ನಿಂತಿದ್ದವು. ನಿಮ್ಮ ಮಾರ್ಗದರ್ಶಕರು “ಹಾರುವ ಫೋಟೊ ಬೇಕಲ್ಲವೇ ಸರ್?” ಎಂದವರೇ ದೋಣಿಯನ್ನು ದಿಬ್ಬದತ್ತ ನುಗ್ಗಿಸಿ ಚಪ್ಪಾಳೆ ತಟ್ಟಿದರು. ಗುಂಪು ಎದ್ದು ಒಂದು ಸುತ್ತು ಹೊಡೆದು ಇಳಿಯಲು ಬಂದಿತು. ಮತ್ತೆ ಎಬ್ಬಿಸಿದರು. ಹೀಗೆ ಮೂರು ಸಲ. ಸಾವಿರಾರು ಕಿಲೋಮೀಟರ್ ಹಾರಿ ಬಂದು, ಮರಳಿ ಹೋಗಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕಾದ ವಲಸೆ ಹಕ್ಕಿಗಳೂ ಆ ಗುಂಪಿನಲ್ಲಿದ್ದವು. ಬೇಡವೆಂದರೆ “ಎಲ್ಲರೂ ಕೇಳುತ್ತಾರೆ ಸರ್” ಎಂಬ ಉತ್ತರ. ಜೊತೆಗಿದ್ದ ಕೆಲವರು ಕೇಳಿದ್ದು ನಿಜ. ಮೊದಲ ಸಲ ನನ್ನ ಬೆರಳೂ ಶಟರ್ ಒತ್ತಿತ್ತು, ಮುಚ್ಚಿಡುವುದಿಲ್ಲ.

ಸಂಜೆ 4.30ಕ್ಕೆ ಬಸ್ಸು ಹೊರಟಾಗ ನೀರು ಇಳಿದಿತ್ತು. ಕಿಟಕಿಯಾಚೆ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಿದ್ದರು. ಅವರಿಂದ ಹತ್ತು ಮಾರು ದೂರದಲ್ಲಿ ಹಕ್ಕಿಗಳು ನಿಶ್ಚಿಂತೆಯಾಗಿ ಮೇಯುತ್ತಿದ್ದವು. ಹತ್ತು ನಿಮಿಷ ನಿಲ್ಲಿಸಿ ಎಂದರೆ ಚಾಲಕರಿಗೆ ಹುಬ್ಬಳ್ಳಿಯ ಊಟದ ಚಿಂತೆ.

ದೋಣಿ ಮತ್ತು ಮಾರ್ಗದರ್ಶನಕ್ಕೆಂದು ಪಡೆದ ತಲಾ 3,200ರಂತೆ 6,400 ರೂಪಾಯಿಯನ್ನು 15 ದಿನಗಳೊಳಗೆ ಮರಳಿಸಬೇಕು. ತಪ್ಪಿದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇನ್ನೊಂದು ಮಾತು: ಅಂದು ಎಬ್ಬಿಸಿದ ಗುಂಪಿನ ಚಿತ್ರವೇ ನಿಮ್ಮ ಹೊಸ ಕರಪತ್ರದ ಮುಖಪುಟದಲ್ಲಿದೆ. ಅದನ್ನು ತೆಗೆಯಿರಿ.

ರಸೀದಿ, ಹಳೆಯ ಕರಪತ್ರ ಮತ್ತು ಸಮಯ ನಮೂದಾಗಿರುವ ನನ್ನ ಮೂರು ಚಿತ್ರಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಗಾಂಧಿನಗರ, ಬಳ್ಳಾರಿ