ಐದು ಕೆಜಿ ಉಳಿಯಿತು, ಪುಟ್ಟಿ

ಬಸವನಗುಡಿ, ಬೆಂಗಳೂರು
ಕಡಲೆಕಾಯಿ ಪರಿಷೆ ಮುಗಿದ ವಾರ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಪರಿಷೆಯ ಜನ ಕರಗಿದ್ದಾರೆ, ಬುಲ್ ಟೆಂಪಲ್ ರಸ್ತೆಯ ಅಂಚಿನಲ್ಲಿ ಸಿಪ್ಪೆ ಮಾತ್ರ ಉಳಿದಿದೆ. ಅಮ್ಮ ಮೂರು ಸೇರು ಕಡಲೆಕಾಯಿ ತಂದು ಹುರಿದಿಟ್ಟಿದ್ದಾಳೆ. ಅದರಲ್ಲಿ ಒಂದು ಡಬ್ಬ ನಿನಗಂತೆ. ಆ ಡಬ್ಬಕ್ಕೂ ನಿನ್ನ ವಿಮಾನಕ್ಕೂ ಸಂಬಂಧ ಇದೆ, ಆಮೇಲೆ ಹೇಳುತ್ತೇನೆ.

ಕಳೆದ ಭಾನುವಾರ ಫೋನಿನಲ್ಲಿ ನೀನು ಕೇಳಿದೆ. "ಅಪ್ಪಾ, ಜನವರಿಯಲ್ಲಿ ನೀವಿಬ್ಬರೂ ಬಂದುಬಿಡಿ. ನಾಲ್ಕೂ ಜನ ನಮ್ಮ ಪುಟ್ಟ ಸೆಸ್ನಾ ವಿಮಾನದಲ್ಲೇ ಶಿಕಾಗೋದಿಂದ ಸ್ಯಾನ್ ಡಿಯಾಗೋವರೆಗೂ ಹೋಗಿ ಬರೋಣ, ಮೂರು ವಾರ." ನಾನು "ನೋಡೋಣ" ಅಂದು ಸುಮ್ಮನಾದೆ. ನಿನಗೆ ಬೇಜಾರಾಯಿತು, ಗೊತ್ತು. ಇಷ್ಟವಿಲ್ಲದೆ ಹಾಗಂದದ್ದಲ್ಲ. ಮೂವತ್ತೆಂಟು ವರ್ಷ ಬೇರೆಯವರ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದವನು ನಾನು. ಮಗಳು ಓಡಿಸುವ ವಿಮಾನದಲ್ಲಿ ಕೂರುವ ಆಸೆ ನನಗಿರುವುದಿಲ್ಲವಾ? ಚಿಕ್ಕವಳಿದ್ದಾಗ ಬಳ್ಳಾರಿ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ನಿನಗೆ ಜಕ್ಕೂರಿನ ವಿಮಾನ ತೋರಿಸುತ್ತಿದ್ದೆನಲ್ಲ, ಅವತ್ತಿನಿಂದ ಇರುವ ಆಸೆ. ಆದರೆ ಫೋನಿನಲ್ಲಿ ಲೆಕ್ಕ ಹೇಳೋಕೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ತೂಕದ ಹಾಳೆ ಇಟ್ಟುಕೊಂಡು ಕೂತೆ. ನಿಮ್ಮದು 1978ರ ಸೆಸ್ನಾ, 172ಎನ್ ಅನ್ನುವ ಮಾದರಿ. ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ 1,043 ಕೆಜಿ. ನಿಮ್ಮ ವಿಮಾನದ ಖಾಲಿ ತೂಕ 660. ಉಳಿದದ್ದು 383. ಎರಡೂ ಟ್ಯಾಂಕ್ ತುಂಬಿಸಿದರೆ ಬಳಕೆಗೆ ಸಿಗುವ ಪೆಟ್ರೋಲ್ 151 ಲೀಟರ್, ಅಂದರೆ 109 ಕೆಜಿ. ಈಗ 274. ಇನ್ನು ನಾವು. ಸ್ವೆಟರ್, ಶೂ ಹಾಕಿಕೊಂಡೇ ಇಬ್ಬರೂ ತೂಕ ನೋಡಿಕೊಂಡೆವು. ನಾನು 72, ಅಮ್ಮ 63. ನೀನು ಹೇಳಿದ ಹಾಗೆ ನೀನು 56, ಅಳಿಯಂದಿರು 78. ಒಟ್ಟು 269.

ಉಳಿದದ್ದು ಐದು ಕೆಜಿ. ನಾಲ್ಕು ಜನಕ್ಕೆ, ಮೂರು ವಾರಕ್ಕೆ, ಚಳಿಗಾಲದಲ್ಲಿ. ನೀವು ಹೇಳಿದ್ದು ದಪ್ಪ ಕೋಟು ಬಿಟ್ಟು ನೋಡಿದ ತೂಕವಾದರೆ ಆ ಐದೂ ಇಲ್ಲ. ಸೀಟು ನಾಲ್ಕಿದೆ ಅಂದ ಮಾತ್ರಕ್ಕೆ ಅದು ನಾಲ್ಕು ಜನರ ಪ್ರಯಾಣದ ವಿಮಾನ ಅಲ್ಲ ಪುಟ್ಟಿ. ಇದು ನಿನಗೂ ಗೊತ್ತಿದೆ. ನಮ್ಮನ್ನು ಕರೆಯುವ ಪ್ರೀತಿಯಲ್ಲಿ ಲೆಕ್ಕ ಮರೆತೆ, ಅಷ್ಟೇ.

ಅರ್ಧ ಟ್ಯಾಂಕ್ ಹಾಕಿಕೊಂಡು ಹೋದರೆ ಅಂತ ನೋಡಿದೆ. ಗಂಟೆಗೆ ಸುಮಾರು 32 ಲೀಟರ್ ಕುಡಿಯುವ ಎಂಜಿನ್. ಅರ್ಧ ಟ್ಯಾಂಕಿಗೆ ಎರಡು ಗಂಟೆ ಇಪ್ಪತ್ತು ನಿಮಿಷ. ಹಗಲಲ್ಲಿ ಅರ್ಧ ಗಂಟೆಯ ಪೆಟ್ರೋಲ್ ಉಳಿದಿರಬೇಕು ಅಂತ ಅಲ್ಲಿಯ ಕಾನೂನು. ಚಳಿಗಾಲದಲ್ಲಿ ಒಂದು ಗಂಟೆಯದ್ದು ಉಳಿಯಬೇಕು ಅಂತ ನನ್ನ ಮಾತು. ಹಾಗಾದರೆ ಒಂದೂಕಾಲು ಗಂಟೆಗೊಮ್ಮೆ ಇಳಿಯಬೇಕು. ಹೋಗುವಾಗ ಪಶ್ಚಿಮದ ಗಾಳಿ ಎದುರಿಗೇ ಬರುತ್ತದೆ, ಅದೂ ಚಳಿಗಾಲದಲ್ಲಿ ಜಾಸ್ತಿ. ಜನವರಿ ಮೊದಲ ವಾರ ಶಿಕಾಗೋದಲ್ಲಿ ಹಗಲು ಬರೀ ಒಂಬತ್ತೂಕಾಲು ಗಂಟೆ. ನಾಲ್ಕೂವರೆಗೆ ಸೂರ್ಯ ಮುಳುಗಿಬಿಡುತ್ತಾನೆ. ದಿನಕ್ಕೆ ಎರಡು ಹಾರಾಟ ಅಂದುಕೊಂಡರೆ ಹೋಗುವುದಕ್ಕೇ ಎಂಟು ದಿನ ಬೇಕು. ಬರುವಾಗ ಗಾಳಿ ಬೆನ್ನಿಗಿದ್ದರೂ ಏಳು. ಮೂರು ವಾರದಲ್ಲಿ ಕಾಯುವುದಕ್ಕೆ ದಿನ ಎಲ್ಲಿ ಉಳಿಯಿತು? ಚಳಿಗಾಲದಲ್ಲಿ ಚಿಕ್ಕ ವಿಮಾನ ಇಟ್ಟುಕೊಂಡವರಿಗೆ ಮೊದಲು ಬೇಕಾದದ್ದು ಸುಮ್ನೆ ಕೂತು ಕಾಯುವ ದಿನಗಳು.

ದಾರಿಯ ಬಗ್ಗೆ ನೀನು ಯೋಚಿಸಿದ್ದು ಸರಿಯಾಗಿದೆ. ಸೇಂಟ್ ಲೂಯಿಸ್, ಲಿಟಲ್ ರಾಕ್, ಡಲ್ಲಾಸ್ ಕಡೆಯಿಂದ ಎಲ್ ಪಾಸೊ, ಆಮೇಲೆ ಟ್ಯೂಸಾನ್. ನೇರ ಗೆರೆ ಎಳೆದರೆ ಐನೂರು ಕಿಲೋಮೀಟರ್ ಉಳಿಯಬಹುದು, ಆದರೆ ಆ ಗೆರೆ ರಾಕಿ ಪರ್ವತದ ಮೇಲೆ ಹೋಗುತ್ತದೆ. ನಮ್ಮ ನಂದಿ ಬೆಟ್ಟ 4,850 ಅಡಿ. ಕೊಲರಾಡೋದಲ್ಲಿ 14,000 ಅಡಿ ದಾಟಿದ ಶಿಖರಗಳೇ ಐವತ್ತಕ್ಕೂ ಜಾಸ್ತಿ. ನಿಮ್ಮ ವಿಮಾನದ ಪುಸ್ತಕದಲ್ಲಿ ಏರುವ ಮಿತಿ 14,200 ಅಡಿ ಅಂತಿದೆ. ಆ ಎತ್ತರದಲ್ಲಿ ಅದು ನಿಮಿಷಕ್ಕೆ ನೂರೇ ಅಡಿ ಏರುತ್ತದೆ. ಬೆಟ್ಟ ದಾಟಿ ಕೆಳಗೆ ಸುರಿಯುವ ಗಾಳಿ ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಕೆಳಕ್ಕೆ ಒತ್ತುತ್ತದೆ. ದಕ್ಷಿಣದ ದಾರಿಯಲ್ಲೂ ಎಲ್ ಪಾಸೊ ಮುಂಚೆ ಗ್ವಾಡಲೂಪ್ ಬೆಟ್ಟಗಳ ಗಾಳಿ ಕೆಟ್ಟದ್ದು. ಗಾಳಿ ಎದ್ದ ದಿನ ಮಿಡ್‌ಲ್ಯಾಂಡಿನಲ್ಲೇ ಉಳಿದುಬಿಡು.

ಈಗ ಒಂದು ಹಳೆಯ ಮಾತು. ನಿನಗೆ ಯಾವತ್ತೂ ಹೇಳಿಲ್ಲ. ಬೆಂಗಳೂರಿಗೆ ಬರುವ ಮುಂಚೆ ಬೇರೊಂದು ಊರಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ನಾನು ಕೆಲಸ ಕಲಿಯುತ್ತಿದ್ದೆ. ಅಲ್ಲೊಂದು ಪುಷ್ಪಕ್ ಇತ್ತು, ನಮ್ಮ ಎಚ್‌ಎಎಲ್‌ನದೇ ಎರಡು ಸೀಟಿನ ವಿಮಾನ. ಮಳೆಗಾಲದ ಒಂದು ಬೆಳಿಗ್ಗೆ, ಚಳಿಯೇನೂ ಇಲ್ಲ, ಇಪ್ಪತ್ತು ಡಿಗ್ರಿ ಇರಬೇಕು, ಗಾಳಿಯಲ್ಲಿ ಮಾತ್ರ ತೇವ. ಒಬ್ಬ ಹುಡುಗ ಹಾರಿಸಿಕೊಂಡು ಹೋದ. ಎಂಜಿನ್ ಕೆಮ್ಮಿತು, ಶಕ್ತಿ ಇಳಿಯಿತು, ಅವನು ಹೇಗೋ ರಾಗಿ ಹೊಲದಲ್ಲಿ ಇಳಿಸಿದ. ಪುಣ್ಯಕ್ಕೆ ಕೈಗೆ ತರಚಿದ ಗಾಯ, ಅಷ್ಟೇ. ಮಧ್ಯಾಹ್ನ ನಾನೂ ನಮ್ಮ ಮೇಸ್ತ್ರಿಯೂ ಹೋಗಿ ಎಂಜಿನ್ ಬಿಚ್ಚಿದೆವು. ಪ್ಲಗ್ ಸರಿ, ಅದಕ್ಕೆ ಕಿಡಿ ಕೊಡುವ ಮ್ಯಾಗ್ನೆಟೋ ಸರಿ, ಪೆಟ್ರೋಲ್ ಸರಿ. ಸ್ಟಾರ್ಟ್ ಮಾಡಿದರೆ ಗಡಿಯಾರದ ಹಾಗೆ ಓಡಿತು. ಹುಡುಗನದೇ ತಪ್ಪು ಅಂತ ಎಲ್ಲರೂ ಅಂದರು. ನಾನೂ ಅಂದೆ. ಎಷ್ಟೋ ದಿನ ಆದ ಮೇಲೆ ಮೇಸ್ತ್ರಿ ಹೇಳಿದರು: ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನೊಳಗೆ ಪೆಟ್ರೋಲ್ ಆವಿಯಾಗುವಾಗ ಗಾಳಿ ಅಲ್ಲೇ ತಣ್ಣಗಾಗುತ್ತದೆ. ಹೊರಗೆ ಇಪ್ಪತ್ತು ಡಿಗ್ರಿ ಇದ್ದರೂ ಒಳಗೆ ಐಸ್ ಕಟ್ಟಿ ಗಂಟಲು ಮುಚ್ಚಿಕೊಳ್ಳುತ್ತದೆ. ನಾವು ಹೋಗಿ ಬಿಚ್ಚುವ ಹೊತ್ತಿಗೆ ಅದು ಕರಗಿ ಹೋಗಿರುತ್ತದೆ. ಆ ಹುಡುಗ ಮತ್ತೆ ಹಾರಲು ಬರಲಿಲ್ಲ. ಅವನ ಮನೆ ಹುಡುಕಿಕೊಂಡು ಹೋಗಿ "ನಿನ್ನದು ತಪ್ಪಲ್ಲಪ್ಪ" ಅಂತ ಹೇಳಬೇಕಿತ್ತು. ಹೇಳಲಿಲ್ಲ. ಅದು ಇವತ್ತಿಗೂ ನನ್ನ ಎದೆಯಲ್ಲಿದೆ.

ನಿಮ್ಮ ಎಂಜಿನ್ನಿಗೂ ಕಾರ್ಬುರೇಟರ್ ಇದೆ. ಅದಕ್ಕೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಗುಂಡಿ ಎಳೆಯೋಕೆ ಎಂಜಿನ್ ಕೆಮ್ಮುವವರೆಗೂ ಕಾಯಬೇಡ. ಎಳೆದ ತಕ್ಷಣ ಸದ್ದು ಇನ್ನೂ ಕೆಟ್ಟರೆ ಹೆದರಿ ವಾಪಸ್ ತಳ್ಳಬೇಡ. ಕರಗಿದ ನೀರು ಒಳಗೆ ಹೋಗುವ ಸದ್ದು ಅದು. ಅರ್ಧ ನಿಮಿಷ, ಒಂದು ನಿಮಿಷ ತಾಳು.

ಇನ್ನೊಂದು, ನಿಮ್ಮದು ಒ-320 ಎಚ್2ಎಡಿ. ನಮ್ಮ ಕಸುಬಿನವರೆಲ್ಲ ಬಲ್ಲ ಎಂಜಿನ್. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಎಣ್ಣೆ ಮೇಲಕ್ಕೆ ಹತ್ತುವ ಮುಂಚೆ ಅದರ ವಾಲ್ವ್ ತೆರೆಯುವ ಭಾಗಗಳು, ಕ್ಯಾಮ್‌ಶಾಫ್ಟ್, ಟ್ಯಾಪೆಟ್, ಸವೆಯುತ್ತವೆ. ಮೈನಸ್ 7 ಡಿಗ್ರಿಗಿಂತ ಕೆಳಗಿದ್ದರೆ ಬಿಸಿ ಮಾಡದೆ ಸ್ಟಾರ್ಟ್ ಮಾಡಬಾರದು ಅಂತ ತಯಾರಿಸಿದವರೇ ಹೇಳಿದ್ದಾರೆ. ನೀನು ಸೊನ್ನೆಗೇ ಎಂಜಿನ್ ಬಿಸಿ ಮಾಡುವ ಹೀಟರ್ ಹಚ್ಚು. ರಾತ್ರಿಯೇ ಹಚ್ಚಿ, ಮೂತಿಗೆ ಕಂಬಳಿ ಹೊದಿಸಿ ಮಲಗು.

ರೆಕ್ಕೆಯ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು ನಾನು ಕಣ್ಣಾರೆ ಕಂಡಿಲ್ಲ. ಇಲ್ಲಿ ಡಿಸೆಂಬರಿನಲ್ಲಿ ದೇವನಹಳ್ಳಿ ಕಡೆ ಮಂಜು ಕವಿದು ವಿಮಾನಗಳು ತಡವಾಗುವುದು ಬೇರೆ. ಆದರೆ ಓದಿದ್ದೇನೆ. ಉಜ್ಜುಕಾಗದದಷ್ಟು ಒರಟಾದ ತೆಳು ಪದರ ಸಾಕು, ರೆಕ್ಕೆ ಎತ್ತುವ ಶಕ್ತಿ 30 ಪರ್ಸೆಂಟಿನಷ್ಟು ಇಳಿಯಬಹುದು. ಪೂರ್ತಿ ಒರೆಸದೆ ಹೊರಡಬೇಡ. ಮೋಡದ ವಿಷಯವೂ ಅಷ್ಟೇ. ನಿನಗೆ ಹೋದ ವರ್ಷ ಇನ್ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದಿದ್ದರೂ ಮೀಟರ್ ನೋಡಿಕೊಂಡೇ ಹಾರಿಸುವ ಪರವಾನಗಿ, ಸಿಕ್ಕಾಗ ಇಡೀ ಬೀದಿಗೆ ಮೈಸೂರು ಪಾಕ್ ಹಂಚಿದವನು ನಾನೇ. ಆದರೂ ಹೇಳುತ್ತೇನೆ, ಅಲ್ಲಿಯ ಜನವರಿ ಮೋಡದಲ್ಲಿ ಆ ರೇಟಿಂಗ್ ನಿನ್ನನ್ನು ಕಾಯುವುದಿಲ್ಲ. ಮೋಡದೊಳಗಿನ ನೀರು ರೆಕ್ಕೆಗೆ ತಾಗಿದ ಕೂಡಲೇ ಐಸ್ ಆಗುತ್ತದೆ. ಅದನ್ನು ಕೆಡವುವ ಸಲಕರಣೆ ನಿಮ್ಮ ವಿಮಾನದಲ್ಲಿಲ್ಲ.

ಎಲ್ಲಕ್ಕಿಂತ ನನಗೆ ಜಾಸ್ತಿ ಭಯ ಒಳಗೆ ಕೂತವರನ್ನು ಬೆಚ್ಚಗಿಡುವ ಹೀಟರ್ ಬಗ್ಗೆ. ನಿಮ್ಮ ವಿಮಾನದಲ್ಲಿ ಬಿಸಿ ಗಾಳಿ ಬರುವುದು ಸೈಲೆನ್ಸರ್ ಸುತ್ತ ಮುಚ್ಚಿದ ತಗಡಿನ ಕವಚದಿಂದ. ಸೈಲೆನ್ಸರಿನಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಆ ಬಿಸಿ ಗಾಳಿಯ ಜೊತೆ ಒಳಗೆ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಬರುತ್ತದೆ, ಜೊಂಪು ಹತ್ತುತ್ತದೆ. ಬೇಸಿಗೆಯಲ್ಲಿ ಹೀಟರ್ ಮುಟ್ಟುವುದೇ ಇಲ್ಲ, ಹಾಗಾಗಿ ಬಿರುಕು ಇದ್ದರೂ ಗೊತ್ತಾಗುವುದಿಲ್ಲ. 2019ರ ಜನವರಿ 21ರ ರಾತ್ರಿ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಫ್ರಾನ್ಸಿನ ನಾಂತ್‌ನಿಂದ ಕಾರ್ಡಿಫ್‌ಗೆ ಹೊರಟಿದ್ದು ಇಂಥದ್ದೇ ಒಂದು ಎಂಜಿನ್ನಿನ ವಿಮಾನದಲ್ಲಿ. ಅದು ಇಂಗ್ಲಿಷ್ ಕಾಲುವೆಗೆ ಬಿತ್ತು. ಅವನ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುವಷ್ಟಿತ್ತು, ಪೈಲಟ್‌ಗೂ ಅದರ ಪರಿಣಾಮ ಆಗಿರಬೇಕು ಅಂತ ಬ್ರಿಟನ್ನಿನ ತನಿಖೆಯವರು ಹೇಳಿದರು. ಹೊಸ ಕ್ಲಬ್ಬಿಗೆ ಸೇರಲು ಹೊರಟಿದ್ದ ಹುಡುಗ, ಇಪ್ಪತ್ತೆಂಟು ವರ್ಷ. ಆ ಸುದ್ದಿ ಓದಿದ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ.

ಹಾಗಂತ ಹೋಗಲೇಬೇಡ ಅಂತ ಹೇಳುತ್ತಿಲ್ಲ. ಚಳಿಗಾಲದ ಗಾಳಿ ದಟ್ಟವಾಗಿರುತ್ತದೆ, ವಿಮಾನ ಚೆನ್ನಾಗಿ ಏರುತ್ತದೆ. ಆಕಾಶ ತಿಳಿಯಾದ ಬೆಳಿಗ್ಗೆ ಕುಲುಕಾಟವೇ ಇಲ್ಲದೆ ದೂರದವರೆಗೂ ನೆಲ ಕಾಣುತ್ತದೆ. ಅದನ್ನು ನೀನು ನೋಡಬೇಕು.

ಇಷ್ಟು ಮಾಡೋಣ. ನಾನು, ಅಮ್ಮ ಶಿಕಾಗೋದಿಂದ ನಿಮ್ಮ ವಿಮಾನ ಹತ್ತುವುದಿಲ್ಲ. ದೊಡ್ಡ ವಿಮಾನದಲ್ಲಿ ಟ್ಯೂಸಾನ್‌ಗೇ ಬಂದಿಳಿಯುತ್ತೇವೆ. ನೀವಿಬ್ಬರೇ ಆದರೆ ಟ್ಯಾಂಕ್ ತುಂಬಿಸಿಕೊಂಡರೂ 140 ಕೆಜಿ ಉಳಿಯುತ್ತದೆ. ಬೆಚ್ಚನೆ ಬಟ್ಟೆ, ಕಂಬಳಿ, ನೀರು ಎಲ್ಲ ಇಟ್ಟುಕೊಳ್ಳಬಹುದು. ಆರೇಳು ಹಾರಾಟದಲ್ಲಿ ಬಂದು ಸೇರುತ್ತೀರಿ. ಟ್ಯೂಸಾನ್ ನಮ್ಮ ಬೆಂಗಳೂರಿನ ಹಾಗೇ ಎತ್ತರದ ಊರು, 2,600 ಅಡಿ. ಜನವರಿ ಮಧ್ಯಾಹ್ನವೂ ಹದಿನೆಂಟು, ಹತ್ತೊಂಬತ್ತು ಡಿಗ್ರಿಯಂತೆ. ಅಲ್ಲಿ ಒಂದು ಬೆಳಿಗ್ಗೆ ನನ್ನನ್ನು, ಇನ್ನೊಂದು ಬೆಳಿಗ್ಗೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲೆ ಕರೆದುಕೊಂಡು ಹೋಗು. ಅಮ್ಮ ಇನ್ನೂ "ಬಸ್ಸಲ್ಲಿ ಹೋದರಾಗಲ್ವಾ" ಅನ್ನುತ್ತಿದ್ದಾಳೆ. ನಿನ್ನನ್ನು ಆ ಸೀಟಿನಲ್ಲಿ ನೋಡಿದರೆ ಒಪ್ಪುತ್ತಾಳೆ.

ಟ್ಯೂಸಾನ್ ಯಾಕೆ ಅಂದರೆ, ಅಲ್ಲಿ ಪೀಮಾ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ ಇದೆ. ಅದರೊಳಗೆ ಒಂದು ಬಿ-24 ಲಿಬರೇಟರ್ ಇದೆ, ನಾಲ್ಕು ಎಂಜಿನ್ನಿನ ಬಾಂಬರ್. ಅದು ನಮ್ಮ ವಾಯುಪಡೆಯಲ್ಲಿದ್ದ ವಿಮಾನ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಥವನ್ನು ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು, ಯಾರೂ ಹಾರಿಸಬಾರದು ಅಂತ ಬೇಕೆಂದೇ ಹಾಳು ಮಾಡಿ. 1948ರಲ್ಲಿ ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟಿನವರು, ಅಂದರೆ ಈಗಿನ ಎಚ್‌ಎಎಲ್‌ನವರು, ಹೋಗಿ ಅವನ್ನು ಹಾರುವಷ್ಟರ ಮಟ್ಟಿಗೆ ತೇಪೆ ಹಾಕಿದರು. ಜಮ್ಶೇದ್ ಮುನ್ಷಿ ಅನ್ನುವ ಪೈಲಟ್ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಕಾರ್ಖಾನೆಯಲ್ಲಿ ಪೂರ್ತಿ ರಿಪೇರಿ ಆಗಿ ವಾಯುಪಡೆಗೆ ಹೋದವು. 1968ರವರೆಗೂ ಹಾರಿದವು. ಅದರಲ್ಲೊಂದು ಮರು ವರ್ಷ ಅಮೆರಿಕಕ್ಕೆ ವಾಪಸ್ ಹೋಯಿತು. ಅದೇ ಇದು.

ನಿನ್ನ ತಾತ ಆಗ ಆ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುತ್ತಿದ್ದರು. ಇಪ್ಪತ್ತಮೂರು ವರ್ಷದ ಹುಡುಗ. ಆ ವಿಮಾನಗಳ ಹೊಟ್ಟೆಯೊಳಗೆ ಮಲಗಿ ಕೆಲಸ ಮಾಡಿದ್ದನ್ನು ನನಗೆ ಎಷ್ಟು ಸಲ ಹೇಳಿದ್ದರೋ. ಅವರ ಕೈ ತಾಗಿದ ಒಂದಾದರೂ ರಿವೆಟ್ ಅಲ್ಲಿರಬಹುದು, ಇಲ್ಲದೆಯೂ ಇರಬಹುದು. ನನಗೆ ಅದರ ಕೆಳಗೆ ನಿಲ್ಲಬೇಕು.

ಈಗ ನಿಜವಾಗಿ ಬರೆಯಬೇಕಾದದ್ದು. ನನ್ನ ಈ ಆಸೆ ನಿನಗೆ ಗೊತ್ತಾದ ಮೇಲೆ ಅದು ನಿನ್ನ ಕೈ ಎಳೆಯುತ್ತದೆ. "ಅಪ್ಪ ಅಲ್ಲಿ ಕಾಯುತ್ತಿದ್ದಾರೆ" ಅಂತ ಒಂದು ಮೋಡದ ಬೆಳಿಗ್ಗೆ ಹೊರಟುಬಿಡುತ್ತೀಯ. ಅದು ಆಗಕೂಡದು. ನೀನು ನಾಲ್ಕು ದಿನ ತಡ ಮಾಡಿದರೆ ನನಗೆ ಮ್ಯೂಸಿಯಂನಲ್ಲಿ ನಾಲ್ಕು ದಿನ ಸಿಕ್ಕಿತು, ಅಷ್ಟೇ. ಲಿಟಲ್ ರಾಕಿನಲ್ಲೇ ಸಿಕ್ಕಿಹಾಕಿಕೊಂಡರೆ ವಿಮಾನವನ್ನು ಅಲ್ಲೇ ಕಟ್ಟಿಹಾಕಿ ಟಿಕೆಟ್ ತಗೊಂಡು ಬಾ. ಅಳಿಯಂದಿರಿಗೂ ಹೇಳು, ಆಫೀಸಿಗೆ ಒಂದು ವಾರ ಜಾಸ್ತಿಯೇ ರಜ ಕೇಳಲಿ. ನಮ್ಮ ವಾಪಸ್ ಟಿಕೆಟ್ ಬದಲಾಯಿಸಬಹುದಾದದ್ದನ್ನೇ ತಗೊಳ್ಳುತ್ತೇನೆ. ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಒಂದು ಕೆಲಸ ಬೇಗ ಮಾಡಿಸು. ನಿಮ್ಮ ಮೆಕ್ಯಾನಿಕ್ ಹತ್ತಿರ ಸೈಲೆನ್ಸರಿನ ಮೇಲಿನ ಕವಚ ಬಿಚ್ಚಿಸಿ, ಟಾರ್ಚ್ ಬಿಟ್ಟು, ಬೆಸುಗೆ ಹಾಕಿದ ಜಾಗಗಳ ಫೋಟೋ ತೆಗೆದು ನನಗೆ ಕಳಿಸು. ನಾಲ್ಕೂ ಕಡೆಯಿಂದ. ಕಾರ್ಬನ್ ಮೊನಾಕ್ಸೈಡ್ ಬಂದರೆ ಕೂಗುವ ಬ್ಯಾಟರಿಯ ಯಂತ್ರ ಸಿಗುತ್ತದೆ, ಅದನ್ನೂ ಕೊಂಡು ಕಣ್ಣೆದುರಿಗೇ ಅಂಟಿಸು. ಫೋಟೋ ನೋಡಿದ ದಿನವೇ ಟಿಕೆಟ್ ಮಾಡಿಸುತ್ತೇನೆ.

ದೊಡ್ಡ ವಿಮಾನದಲ್ಲಿ ಒಬ್ಬೊಬ್ಬರಿಗೆ 23 ಕೆಜಿ ಬಿಡುತ್ತಾರಂತೆ. ಅಮ್ಮನಿಗೆ ಈಗಷ್ಟೇ ಹೇಳಿದೆ. ಕಡಲೆಕಾಯಿ ಡಬ್ಬದ ಪಕ್ಕ ಚಟ್ನಿಪುಡಿ, ಕೋಡುಬಳೆ ಬಂದು ಕೂತಿವೆ.

ಇಂತಿ ನಿನ್ನ
ಅಪ್ಪ