ಬಂಗುಡೆ ಬಿಡುವ ಮುಂಚೆ

ಡೊಂಬಿವಲಿ

ಪುಟ್ಟಿ,

"ಇನ್ನು ಜನ್ಮದಲ್ಲಿ ಮೀನು ಮುಟ್ಟಲ್ಲ ಅಪ್ಪಾ" ಅಂತ ನಿನ್ನೆ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ನನ್ನ ದನಿ ಜಾಸ್ತಿಯೇ ಏರಿತು, ಬೇಜಾರಾಗಬೇಡ. ಪುಣೆಯಲ್ಲಿ ಒಬ್ಬಳೇ ಇರುವ ಮಗಳು ಬಂಗುಡೆ ತಿಂದ ಮೇಲೆ ಮುಖ ಕೆಂಪಾಗಿದೆ, ಮೈ ತುರಿಸುತ್ತಿದೆ ಅಂದರೆ ಯಾವ ಅಪ್ಪ ಮೆತ್ತಗೆ ಮಾತಾಡುತ್ತಾನೆ? ಗಂಟಲಿಗೆ ಮುಳ್ಳು ಸಿಕ್ಕಿದ ಆ ಹಳೇ ಕಥೆ ಬೇಡ. ಇಬ್ಬರಿಗೂ ಗೊತ್ತು.

ಮಸಾಲೆಯಲ್ಲಿ ನಿನ್ನದೇನೂ ತಪ್ಪಿಲ್ಲ. ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಯಿ ನುಣ್ಣಗೆ ರುಬ್ಬಿ, ಮೀನಿನ ಸಾರಿಗೆ ಘಮ ಕೊಡುವ ಜುಮ್ಮನಕಾಯಿ ಜಜ್ಜಿ ಹಾಕಿದ್ದೀಯ. ಫೋಟೋ ನೋಡಿ ಅಮ್ಮ ಬಿಲ್ಡಿಂಗಿಗೆಲ್ಲ ತೋರಿಸಿ ಬಂದಳು. ಥೇಟ್ ಅಂಕೋಲೆಯ ಬಣ್ಣ.

ಆದರೆ ಬೆಳಿಗ್ಗೆ ತಂದ ಬಂಗುಡೆ ಸಂಜೆಯವರೆಗೆ ಸಿಂಕಿನಲ್ಲಿತ್ತು ಅಂದೆ. ರಾತ್ರಿಯಿಡೀ ಅದೇ ತಲೆಯಲ್ಲಿ. ಸಂಜೆಯವರೆಗೆ! ಅದೂ ಪುಣೆಯಲ್ಲಿ. ಅಲ್ಲಿಗೆ ಮೀನು ಐಸಿನಲ್ಲಿ ಕೂತು ಘಟ್ಟ ಹತ್ತಿ ಬರಬೇಕು. ನೀನು ಕೊಳ್ಳುವಾಗಲೇ ಅದರ ಪ್ರಯಾಣ ಮುಗಿದಿರುತ್ತದೆ. ಬಂಗುಡೆ, ತಾರ್ಲೆ, ಟ್ಯೂನಾದಂಥ ಮೀನು ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಹಿಸ್ಟಮೈನ್ ಅಂತ, ಅಲರ್ಜಿಯಂತೆಯೇ ಕಾಡುವ ಒಂದು ವಸ್ತು ಆಗುತ್ತದೆ. ಕುದಿಸಿದರೂ ಹೋಗಲ್ಲ, ಹುರಿದರೂ ಹೋಗಲ್ಲ. ಕೆಟ್ಟ ವಾಸನೆ ಬಂದೇ ಬರುತ್ತದೆ ಅಂತಲೂ ಇಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪು, ತುರಿಕೆ, ತಲೆನೋವು. ನೋಡಿದವರಿಗೆ ಅಲರ್ಜಿಯೇ ಅನಿಸುತ್ತದೆ.

ನಾನು ಡಾಕ್ಟರಲ್ಲ. ನಿಜವಾಗಿ ಅಲರ್ಜಿಯೇ ಇರಬಹುದು, ಹಾಗಿದ್ದರೆ ಮತ್ತೆ ತಿನ್ನುವುದು ಅಪಾಯ. ಅದಕ್ಕೇ ಡಾಕ್ಟರ ಹತ್ತಿರ ಹೋಗು, ಸಿಂಕಿನ ಕಥೆ ಬಿಡದೆ ಹೇಳು. ನಾಚಿಕೆ ಅಂತ ಮುಚ್ಚಿಡಬೇಡ. ನಿನಗೆ ಆ ಚಾಳಿ ಇದೆ.

ಮುಂದೆ ತಿನ್ನಬಹುದು ಅಂತಾದರೆ, ಕಿವಿರು ಎತ್ತಿ ನೋಡು, ಕೆಂಪಿರಬೇಕು. ಕಣ್ಣು ಒಳಗೆ ಹೋಗಿರಬಾರದು. ಒತ್ತಿದ ಕಡೆ ಗುಂಡಿ ಉಳಿದರೆ ಬಿಟ್ಟು ಬಾ. ಮಾರುವವಳ ಹತ್ತಿರವೇ ಐಸ್ ಕೇಳು, ಕೊಡುತ್ತಾಳೆ. ಮನೆಗೆ ಬಂದ ಕೂಡಲೇ ಕ್ಲೀನ್ ಮಾಡಿ ಫ್ರಿಜ್ಜಿಗೆ. ಫ್ರಿಜ್ 4 ಡಿಗ್ರಿಗಿಂತ ಬೆಚ್ಚಗಿರಬಾರದು. ಮರುದಿನಕ್ಕೆ ಅಂತ ಇಡುವ ಆಸೆ ಬೇಡ. ಆಫೀಸಿನ ದಿನ ಮೀನು ತರಲೇಬೇಡ, ಭಾನುವಾರ ಇಲ್ಲವೇ? ಸರಿ, ಮತ್ತೆ ಭಾಷಣವಾಯಿತು. ಅಮ್ಮ ಹಿಂದೆ ನಿಂತು ನಗುತ್ತಿದ್ದಾಳೆ.

ಡಾಕ್ಟರು ಹೇಳುವವರೆಗೆ ಅದೇ ಮಸಾಲೆಗೆ ಬಟಾಟೆ ಹಾಕು. ಜುಮ್ಮನಕಾಯಿ ಖಾಲಿಯಾಗಿದ್ದರೆ ಅಮ್ಮನಿಗೆ ಹೇಳು, ಶನಿವಾರ ಪುಣೆಗೆ ಬರುವಾಗ ತರುತ್ತೇನೆ. ಹೌದು, ಬರುತ್ತಿದ್ದೇನೆ. ಬೇಡ ಅನ್ನಬೇಡ, ಟಿಕೆಟ್ ಆಗಿದೆ.

ನಿನ್ನ ಅಪ್ಪ