ಆಮೆಯ ಕಥೆ ಉಳಿಸಿಕೊಟ್ಟವರಿಗೆ

ಆಟಿ ತಿಂಗಳ ಜಡಿಮಳೆಯ ಒಂದು ಸಂಜೆ, ಕಾಸರಗೋಡಿನಿಂದ ಮುಳ್ಳೇರಿಯಕ್ಕೆ ಬರುವ ಬಸ್ಸಿನಲ್ಲಿ ನನ್ನ ನೋಟುಪುಸ್ತಕ ಬಿಟ್ಟುಹೋಯಿತು. ಮಕ್ಕಳಿಗಾಗಿ ಎರಡು ವರ್ಷ ಕೂತು ಬರೆದ ಕಥೆ, ಬೇರೆ ಪ್ರತಿ ಇರಲಿಲ್ಲ. ಮೂರನೆಯ ದಿನ ಕಂಡಕ್ಟರ್ ಅದನ್ನು ಶಾಲೆಯ ಗೇಟಿನಲ್ಲಿ ಕೊಟ್ಟು ಹೋದರು. ತಂದುಕೊಟ್ಟವರು ಯಾರೆಂದು ಅವರಿಗೂ ಗೊತ್ತಿಲ್ಲ.

ಬಿಡಿಸಿ ನೋಡಿದಾಗ ಕಣ್ಣು ತುಂಬಿ ಬಂತು. ಒದ್ದೆಯಾದ ಒಂದೊಂದು ಹಾಳೆಯ ನಡುವೆಯೂ ಪೇಪರಿನ ತುಂಡು ಇಟ್ಟು ಒಣಗಿಸಿದ್ದಿರಿ. ಶಾಯಿ ಹರಡಿದಲ್ಲೆಲ್ಲ ಪೆನ್ಸಿಲಿನಲ್ಲಿ ಗುಂಡಗೆ ಅಕ್ಷರ ತುಂಬಿಸಿದ್ದಿರಿ. ಕೊನೆಯಲ್ಲೊಂದು ಚೀಟಿ: ‘ಮಗಳಿಗೆ ಓದಿ ಹೇಳಿದೆ. ಮರಳಿನೊಳಗೆ ಆಮೆ ಉಸಿರಾಡುವುದು ಹೇಗೆ ಅಂತ ಕೇಳ್ತಿದ್ದಾಳೆ.’

ಕಥೆ ಚಂದ್ರಗಿರಿ ಹೊಳೆಯ ಪಾಲಪ್ಪೂವನ್ ಎಂಬ ಮೆದು ಚಿಪ್ಪಿನ ದೊಡ್ಡ ಆಮೆಯದು. 2023ರಲ್ಲಿ ನಮ್ಮ ಕಾಸರಗೋಡು ಜಿಲ್ಲೆ ತನ್ನ ಅಧಿಕೃತ ಜೀವಿಯೆಂದು ಆರಿಸಿಕೊಂಡಿತಲ್ಲ, ಅದೇ. ಹೆಚ್ಚು ಹೊತ್ತು ನೀರಡಿಯ ಮರಳಿನಲ್ಲಿ ಹುದುಗಿರುವ ಅದು ಉಸಿರಿಗೆಂದು ಆಗೊಮ್ಮೆ ಈಗೊಮ್ಮೆ ಮೇಲೆ ಬರುತ್ತದೆ. ಇದನ್ನೇ ನಾನು ಬರೆದಿರಲಿಲ್ಲ. ಆ ಪುಟ್ಟಿಗಾಗಿ ಒಂದು ಅಧ್ಯಾಯ ಸೇರಿಸಿದೆ. ಈಗ ನನಗೆ ಇಡೀ ಪುಸ್ತಕದಲ್ಲಿ ಅದೇ ಹೆಚ್ಚು ಇಷ್ಟ.

22 ವರ್ಷಗಳಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಮನೆಯಲ್ಲಿ ಅವರದು ತುಳು, ಮಲಯಾಳ, ಮರಾಟಿ, ಹವ್ಯಕ. ನಮ್ಮ ಹೊಳೆ, ನಮ್ಮ ಗುಡ್ಡ ಇರುವ ಕನ್ನಡ ಕಥೆ ಅವರ ಕೈಗೆ ಸಿಗುವುದು ಅಪರೂಪ. ಅದಕ್ಕೇ ಬರೆಯುತ್ತೇನೆ.

ಪುಸ್ತಕ ಅಚ್ಚಿಗೆ ಹೋಗಿದೆ. ನೀವು ಅಣ್ಣನೋ ಅಕ್ಕನೋ ತಿಳಿಯದು, ತುಂಬಾ ಉಪಕಾರವಾಯಿತು. ಮೊದಲ ಪ್ರತಿ ನಿಮ್ಮ ಮಗಳಿಗೆ. ಅದೇ ಬಸ್ಸಿನ ಕಂಡಕ್ಟರ್ ಹತ್ತಿರ ಕೊಟ್ಟಿಡುತ್ತೇನೆ, ಖಂಡಿತ ತೆಗೆದುಕೊಳ್ಳಿ.